ಕೂಡಿಟ್ಟ ಹಾಲು

ಬಸ್ಸಿಳಿದು ಮನೆಯ ಜಗಲಿ ಹತ್ತುವಾಗ ನಮ್ಮತ್ತೆ ನನ್ನ ಮುಖ ನೋಡುವುದನ್ನು ಬಿಟ್ಟು ಮೂರು ತಿಂಗಳಾಗಿತ್ತು. ಅವರ ಕಣ್ಣು ನೇರವಾಗಿ ಎದೆಯ ಮೇಲೆ ಬೀಳುತ್ತಿತ್ತು. "ತುಂಬ್ಕಂಡದಾ?" ಎಂದು ಕೇಳುವರು, ನಾಲೆಗೆ ನೀರು ಬಿಟ್ಟರಾ ಎಂದು ಕೇಳುವಷ್ಟೇ ಸಲೀಸಾಗಿ. ಎದುರು ಮನೆಯ ಜಗಲಿಯಲ್ಲಿ ನಾಲ್ಕು ಜನ ಗಂಡಸರು ಕೂತಿದ್ದರೂ ಅವರಿಗೆ ಲೆಕ್ಕಕ್ಕಿಲ್ಲ. ನಾನು ಸೆರಗೆಳೆದುಕೊಂಡು, ಹಲ್ಲು ಕಚ್ಚಿಕೊಂಡು ಒಳಗೆ ನುಗ್ಗುತ್ತಿದ್ದೆ. ಹಿಂದಿನಿಂದ ಅವರ ಪ್ರಶ್ನೆಗೆ ಅವರದೇ ಉತ್ತರ: "ಎಲ್ ತುಂಬ್ತದೆ, ಅದೇ ಚಪ್ಪಟೆ."

ಮಗಳಿಗೆ ಆಗ ಒಂಬತ್ತು ತಿಂಗಳು. ನಾನು ಮದ್ದೂರಿನ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಮನೆಯಿರುವುದು ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ರಸ್ತೆಯ ಪಕ್ಕದ ಸಣ್ಣ ಹಳ್ಳಿಯಲ್ಲಿ. ಬೆಳಿಗ್ಗೆ ಏಳೂವರೆಗೆ ಹೊರಟು, ಮಳವಳ್ಳಿಯಲ್ಲಿ ಬಸ್ಸು ಬದಲಿಸಿ, ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳಿ ಶಾಲೆ ಮುಟ್ಟಿದರೆ, ಮತ್ತೆ ಮನೆ ಕಾಣುವುದು ಸಂಜೆ ಆರು ಗಂಟೆಗೆ. ಹೆರಿಗೆ ರಜೆಯ ಆರು ತಿಂಗಳು ಹಾಲಿಗೇನೂ ಕೊರತೆಯಿರಲಿಲ್ಲ. ಒಂದು ಕಡೆ ಕುಡಿಸಿದರೆ ಇನ್ನೊಂದು ಕಡೆ ಸೋರಿ ಕುಪ್ಪಸ ಒದ್ದೆಯಾಗುತ್ತಿತ್ತು. ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಅದು ದಿನದಿನಕ್ಕೂ ಇಳಿಯಿತು. ಮಗಳು ಎರಡು ನಿಮಿಷ ಚೀಪುವಳು, ಬಿಡುವಳು, ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸಿ ಕಿರುಚುವಳು, ಮುಷ್ಟಿ ಕಟ್ಟಿ ನನ್ನ ಎದೆಗೇ ಗುದ್ದುವಳು. ಒಂಬತ್ತು ತಿಂಗಳ ಕೂಸಿನ ಗುದ್ದು ನೋಯುವುದಿಲ್ಲ. ಆದರೂ ಅತ್ತೆಯ ಮುಂದೆ ಆ ಗುದ್ದು ತಿನ್ನುವಾಗ ಸತ್ತೇಹೋಗಬೇಕು ಎನಿಸುತ್ತಿತ್ತು.

ಅಂಥದೊಂದು ಸಂಜೆಯೇ ಅತ್ತೆ ಗಡುವು ಹಾಕಿದರು. "ಸುಮ್ಕೆ ಯಾಕಮ್ಮ ಮೊಗಾನ ಗೋಳಾಡಿಸ್ತೀಯ? ಬರೋ ಅಮಾಸೆಗೆ ಬೇವಿನ್ ಸೊಪ್ಪು ಅರ್ದು ಅಚ್ಬುಡಾನ. ಎಲ್ಡ್ ದಿನ ಅಳ್ತದೆ, ಆಮ್ಯಾಕ್ ಮರ್ತೋಯ್ತದೆ." ಮೊಲೆ ಬಿಡಿಸಲು ನಮ್ಮ ಕಡೆ ಇದೇ ಉಪಾಯ. ಕಹಿ ಹಚ್ಚಿದರೆ ಮಗು ತಾನೇ ಮುಖ ತಿರುಗಿಸುತ್ತದೆ.

ನನಗೆ ಬಿಡಿಸಲು ಇಷ್ಟವಿರಲಿಲ್ಲ. ಆಗ ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತಿತ್ತು, ಈಗ ಆಗುವುದಿಲ್ಲ. ಅವಳು ಮೊದಲ ಸಲ ಅಂಬೆಗಾಲಿಟ್ಟದ್ದನ್ನು ನೋಡಿದ್ದು ಅತ್ತೆ. ಮೊದಲ ಹಲ್ಲು ತಟ್ಟೆಗೆ ತಾಗಿ ಟಿಣ್ಣೆಂದದ್ದನ್ನು ಕೇಳಿದ್ದೂ ಅತ್ತೆ. ಸ್ನಾನ, ರಾಗಿ ಸರಿ, ನಿದ್ದೆ ಎಲ್ಲ ಅವರ ಕೈಯಲ್ಲೇ ಆಗುತ್ತಿತ್ತು. ನಾನು ಬಂದಾಗ ಅವಳು ಅತ್ತೆಯ ಸೊಂಟದ ಮೇಲೆ ಕೂತು ನನ್ನನ್ನು ನೆಂಟರನ್ನು ನೋಡಿದಂತೆ ನೋಡುವಳು. ಎದೆಗೆ ಹಾಕಿಕೊಂಡಾಗ ಮಾತ್ರ ಅವಳು ನನ್ನವಳು. ಅದೂ ಹೋದರೆ ನಾನು ಆ ಮನೆಯಲ್ಲಿ ಸಂಜೆಯ ಬಸ್ಸಿಗೆ ಬಂದು ಬೆಳಗಿನ ಬಸ್ಸಿಗೆ ಹೋಗುವ ಹೆಂಗಸು ಅಷ್ಟೇ.

ಗಡುವು ಬರುವ ಮೊದಲು ನಾನು ಸುಮ್ಮನೆ ಕೂತಿದ್ದೆ ಎಂದುಕೊಳ್ಳಬೇಡಿ. ತಿಂದು ತಿಂದು ಸುಸ್ತಾಗಿದ್ದೆ. ನಮ್ಮ ಸೀಮೆಯಲ್ಲಿ ಬಾಣಂತಿಗೆ ಹಾಲು ಕಮ್ಮಿ ಅನ್ನುವ ಸುದ್ದಿ ಒಂದು ಹರಡಬಾರದು. ಹರಡಿದರೆ ಮುಗಿಯಿತು, ಹೇಳುವವರಿಗೇನು ಖರ್ಚು? ಶಾಲೆಯ ಬಿಸಿಯೂಟದ ಅಮ್ಮ ಸಬ್ಬಸಿಗೆ ಸೊಪ್ಪು ಎಂದಳು. ಹದಿನೈದು ದಿನ ಸಬ್ಬಸಿಗೆ ತಿಂದು ನನ್ನ ಬೆವರೂ ಸಬ್ಬಸಿಗೆ ನಾತ ಹೊಡೆಯಿತು. ಮಳವಳ್ಳಿ ಬಸ್‌ ಸ್ಟ್ಯಾಂಡಿನಲ್ಲಿ ಸೊಪ್ಪು ಮಾರುವವಳು, ಗುರುತಿಲ್ಲ ಪರಿಚಯವಿಲ್ಲ, "ನುಗ್ಗೆ ಸೊಪ್ ತಕ್ಕೋ ಕಣಮ್ಮ, ಮಕದಲ್ಲೇ ಗೊತ್ತಾಯ್ತದೆ ಆಲಿಲ್ಲ ಅಂತ" ಎಂದಳು. ಮುಖದಲ್ಲಿ ಹಾಲು ಹೇಗೆ ಕಾಣುತ್ತದೋ ದೇವರೇ ಬಲ್ಲ. ತೆಗೆದುಕೊಂಡೆ. ಮೆಂತ್ಯದ ಉಂಡೆ, ಸುಟ್ಟ ಬೆಳ್ಳುಳ್ಳಿ, ಮೇಕೆ ಕಾಲಿನ ಸಾರು, ಎಲ್ಲ ಆಯಿತು. ಮಂಡ್ಯದ ಕಚೇರಿಯೊಂದರಲ್ಲಿ ಕೆಲಸ ಮಾಡುವ ನನ್ನ ಗಂಡ ವಾರಕ್ಕೊಂದು ಪುಡಿಯ ಡಬ್ಬಿ ತರುತ್ತಿದ್ದರು. ಡಬ್ಬಿಗಳ ಮೇಲೆಲ್ಲ ನಗುವ ತಾಯಿ, ನಗುವ ಮಗು. ನೋಡಿದರೆ ಎತ್ತಿ ಬಿಸಾಡುವಷ್ಟು ಸಿಟ್ಟು ಬರುತ್ತಿತ್ತು. ಕೊನೆಗೆ ಅತ್ತೆ ಹತ್ತಿ ಬೀಜ ನೆನೆಸಿ ರುಬ್ಬಿ, ಹಾಲು ಹಿಂಡಿ, ಬೆಲ್ಲ ಹಾಕಿ ಕುದಿಸಿ ತಂದರು. ಅದೇ ಬೀಜ ಕೊಟ್ಟಿಗೆಯಲ್ಲಿರುವ ಎರಡು ಹಸುಗಳಿಗೂ ಹೋಗುತ್ತಿತ್ತು. "ಅವ್ಕೇ ಇಳೀತದೆ, ನಿಂಗ್ ಇಳಿಯಾಕಿಲ್ವಾ?" ಎಂದರು. ಇಳಿಯಲಿಲ್ಲ. ನಾಲ್ಕು ಕಿಲೋ ತೂಕ ಹೆಚ್ಚಾದೆ, ಅದೊಂದೇ ಲಾಭ.

ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದ್ದೂ ಆಯಿತು. ಮೆಣಸಿನಕಾಯಿ ಘಾಟಿಗೆ ನಾನೂ ಮಗಳೂ ಒಟ್ಟಿಗೆ ಕೆಮ್ಮಿದೆವು.

ಇವೆಲ್ಲಕ್ಕಿಂತ ದೊಡ್ಡದು ಅತ್ತೆಯ ಒಂದು ಕಾನೂನು. ನಮ್ಮ ಊರುಗಳಲ್ಲಿ ಹಸು ಕರೆಯುವುದು ದಿನಕ್ಕೆ ಎರಡೇ ಹೊತ್ತು, ಬೆಳಿಗ್ಗೆ ಡೈರಿ ತೆಗೆಯುವ ಮೊದಲೊಮ್ಮೆ, ಸಂಜೆ ಡೈರಿ ತೆಗೆಯುವ ಮೊದಲೊಮ್ಮೆ. ನಡುವೆ ಕರು ಎಷ್ಟೇ ಅರಚಿಕೊಂಡರೂ ಹಗ್ಗ ಬಿಚ್ಚುವುದಿಲ್ಲ. ಬಿಚ್ಚಿದರೆ ಕೆಚ್ಚಲಲ್ಲಿ ಸೇರುತ್ತಿರುವ ಹಾಲು ಕರುವಿನ ಪಾಲಾಗಿ, ಡೈರಿ ಕ್ಯಾನಿಗೆ ಏನೂ ಉಳಿಯುವುದಿಲ್ಲ. ಅತ್ತೆ ಅದನ್ನೇ ನನಗೂ ತಂದು ಕಟ್ಟಿದರು. "ನಿಮಿಸ ನಿಮಿಸಕ್ಕೂ ಬಾಯಿಗಿಟ್ರೆ ಎಲ್ ಸೇರ್ತದೆ ಆಲು? ಬೆಳ್ಗೆ ಒಂದೊತ್ತು, ಸಂದೆ ಒಂದೊತ್ತು. ಮದ್ಯ ಮುಟ್ಟಬ್ಯಾಡ, ತುಂಬ್ಲಿ." ಮಧ್ಯಾಹ್ನಕ್ಕೆ ರಾಗಿ ಸರಿ, ಅದರ ಮೇಲೆ ಒಳಲೆಯಲ್ಲಿ ಹಸುವಿನ ಹಾಲು. ಭಾನುವಾರ ನಾನು ಮನೆಯಲ್ಲೇ ಇದ್ದು, ಮಗಳು ನನ್ನ ಸೆರಗು ಹಿಡಿದು ಎಳೆದರೂ, ಅತ್ತೆ ಬಂದು ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗುವರು. "ಸೇರ್ಲಿ ಬುಡು."

ನಾನು ಒಪ್ಪಿಕೊಂಡಿದ್ದೆ. ಈಗ ನೆನೆದರೆ ಸಿಟ್ಟು ಬರುವುದು ಅತ್ತೆಯ ಮೇಲಲ್ಲ, ಇದರ ಮೇಲೆ. ಬಿ.ಎಸ್ಸಿ., ಬಿ.ಎಡ್. ಓದಿದವಳು, ಹತ್ತನೇ ತರಗತಿಗೆ ಹಾರ್ಮೋನುಗಳ ಪಾಠ ಮಾಡುವವಳು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದೆ. ನಾನೂ ಹಸು ಕಟ್ಟಿದ ಮನೆಯಲ್ಲೇ ಹುಟ್ಟಿದವಳಲ್ಲವೇ? ಟ್ಯಾಂಕಿಗೆ ನೀರು ಬಿಟ್ಟು ನಲ್ಲಿ ಮುಚ್ಚಿದರೆ ಟ್ಯಾಂಕು ತುಂಬುತ್ತದೆ, ಅಷ್ಟು ಸರಳ ಎಂದುಕೊಂಡಿದ್ದೆ. ಶಾಲೆಯಲ್ಲಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎದೆ ಕಲ್ಲಿನಂತೆ ಬಿಗಿಯುತ್ತಿತ್ತು. ಬೋರ್ಡಿನ ಕಡೆ ತಿರುಗಿ, ಕರ್ಚೀಫು ಮಡಿಸಿ ಒಳಗೆ ಒತ್ತಿ, ನೋವು ನುಂಗಿಕೊಂಡು, ಇದು ಸಂಜೆ ನನ್ನ ಮಗಳಿಗೆ ಎಂದು ಹೆಮ್ಮೆಯಿಂದ ಕಾಯುತ್ತಿದ್ದೆ. ಒಂದು ತಿಂಗಳಾದ ಮೇಲೆ ಹನ್ನೊಂದಕ್ಕೆ ಬಿಗಿಯುವುದು ನಿಂತಿತು. ಎರಡು ತಿಂಗಳಿಗೆ ಸಂಜೆಗೂ ಬಿಗಿಯಲಿಲ್ಲ. ನಾನು ಇನ್ನೊಂದು ಹಿಡಿ ಮೆಂತ್ಯ ನೆನೆಹಾಕಿದೆ.

ಗಡುವು ಬಿದ್ದ ವಾರದ ಭಾನುವಾರ ಬೆಳಿಗ್ಗೆ. ನಾನು ಹಿತ್ತಲ ಬಾಗಿಲಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸರಿ ತಿನ್ನಿಸುತ್ತಿದ್ದೆ. ಅತ್ತೆ ಒಂದೇ ಹಸು ಕರೆದು ಬಕೆಟ್ಟು ತಂದರು. ಇನ್ನೊಂದು, ಏಳು ತಿಂಗಳ ಗಬ್ಬದ ಹಸು, ಕೆಚ್ಚಲು ಬಿಗಿದುಕೊಂಡು ಕಾಲು ಅಗಲಿಸಿ ನಿಂತಿತ್ತು.

"ಇದನ್ನ ಕರೀಲಿಲ್ವಾ ಅತ್ತೆ?" ಎಂದೆ.

"ಬತ್ತಿಸ್ಬೇಕು ಕಣಮ್ಮ, ಎಲ್ಡ್ ತಿಂಗ್ಳಿಗೆ ಈಯ್ತದೆ. ಒಂದೊತ್ತು ಕರ್ದು ಒಂದೊತ್ತು ಬುಡೋದು. ಆಮ್ಯಾಕೆ ದಿನಾ ಬುಟ್ಟು ದಿನಾ. ಕೆಚ್ಚಲಲ್ಲೇ ನಿಂತ್ರೆ ತಾನಾಗೇ ಬತ್ತೋಯ್ತದೆ. ಇನ್ನೇನ್ ಮದ್ದು ಬೇಕು?"

ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಮಗಳು ಬಾಯಿ ತೆರೆದುಕೊಂಡು ಕಾಯುತ್ತಿದ್ದಳು. ಈ ಮಾತು ನನಗೆ ಹೊಸದಲ್ಲ. ನಮ್ಮಪ್ಪನ ಮನೆಯಲ್ಲಿ ಗಬ್ಬದ ಹಸುಗಳನ್ನು ಹೀಗೆಯೇ ಬತ್ತಿಸುವುದನ್ನು ಕಣ್ಣಾರೆ ನೋಡಿದ್ದೆ. ಕರೆಯದೆ ಬಿಟ್ಟರೆ ಹಾಲು ನಿಲ್ಲುತ್ತದೆ ಎನ್ನುವುದು ನಮ್ಮ ಜಿಲ್ಲೆಯ ಎಳೆ ಮಕ್ಕಳಿಗೂ ಗೊತ್ತು. ಆ ಮನೆಯಲ್ಲಿ ಅದು ಗೊತ್ತಿದ್ದ ನಾವಿಬ್ಬರೂ ಸೇರಿ ಮೂರು ತಿಂಗಳಿಂದ ಅದನ್ನೇ ನನಗೆ ಮಾಡುತ್ತಿದ್ದೆವು, ಮೇಲೆ ಹತ್ತಿ ಬೀಜ ತಿನ್ನಿಸುತ್ತ.

"ಅತ್ತೆ," ಎಂದೆ. "ಹಸು ಹಾಲು ನಿಲ್ಸೋಕೆ ಕರೀದೆ ಬಿಡ್ತೀರ. ನನಗೂ ಕುಡಿಸ್ದೆ ಬಿಡು, ತುಂಬ್ಲಿ ಅಂತೀರ. ನಂದು ಮಾತ್ರ ಹೆಂಗ್ ಜಾಸ್ತಿ ಆಗುತ್ತೆ?"

ಅವರು ಬಕೆಟ್ಟು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನೇನ್ ಅಸುವೇನಮ್ಮ?" ಎಂದರು.

ಮೂರು ತಿಂಗಳು ನನಗೆ ಕೊಟ್ಟಿಗೆಯ ವೇಳಾಪಟ್ಟಿ ಹಾಕಿ, ಕೊಟ್ಟಿಗೆಯ ಬೀಜ ತಿನ್ನಿಸಿ, ದಿನಾ ಸಂಜೆ ಬಾಗಿಲಲ್ಲೇ ಕೆಚ್ಚಲು ನೋಡುವಂತೆ ನೋಡಿದವರು ಕೇಳಿದ ಪ್ರಶ್ನೆ ಅದು. ಉತ್ತರ ಕೊಡಲು ಹೋದರೆ ಏನಾದರೂ ಒಡೆಯುತ್ತೇನೆ ಎಂದು ಹೆದರಿ, ಸರಿಯ ಬಟ್ಟಲು ಪಕ್ಕಕ್ಕೆ ಸರಿಸಿ, ಅಲ್ಲೇ, ಹಿತ್ತಲ ಬಾಗಿಲಲ್ಲೇ ಮಗಳನ್ನು ಎದೆಗೆ ಹಾಕಿಕೊಂಡೆ. ಹೊತ್ತಲ್ಲದ ಹೊತ್ತು. ಅವಳು ನಂಬಲಾರದೆ ಒಮ್ಮೆ ನನ್ನ ಮುಖ ನೋಡಿ ಬಾಯಿ ಹಾಕಿದಳು.

ಆ ವಾರವೇ ಒಂಬತ್ತು ತಿಂಗಳ ಚುಚ್ಚುಮದ್ದಿಗೆಂದು ಮಳವಳ್ಳಿಯ ಆಸ್ಪತ್ರೆಗೆ ಹೋದೆವು. ಅತ್ತೆಯೂ ಹಟ ಹಿಡಿದು ಬಂದರು. ಮಗುವನ್ನು ತೂಗಿದ ನರ್ಸು, "ತೂಕ ಚೆನ್ನಾಗೇ ಇದೆ, ಏನ್ ಯೋಚನೆ?" ಎಂದರು. ನಾನು ಎಲ್ಲ ಹೇಳಿದೆ. ಅವರು ನಗಲಿಲ್ಲ, ಅದೇ ದೊಡ್ಡ ಉಪಕಾರ. "ಮಗು ಇಷ್ಟು ದೊಡ್ಡದಾದ್ಮೇಲೆ ಎದೆ ಮೆತ್ತಗಿರೋದು ಸಹಜ, ಮೆತ್ತಗಿದ್ರೆ ಹಾಲಿಲ್ಲ ಅಂತಲ್ಲ. ಆದ್ರೆ ದಿನಕ್ಕೆ ಎರಡೇ ಸಲ ಅಂದ್ರೆ ಕಮ್ಮಿ ಆಗೇ ಆಗುತ್ತೆ. ಖಾಲಿ ಆದಷ್ಟೂ ಬರುತ್ತೆ. ಮೊದಲು ಎದೆಹಾಲು, ಆಮೇಲೆ ಸರಿ. ಮನೇಲಿದ್ದಾಗ ಕೇಳಿದಾಗೆಲ್ಲ ಕೊಡಿ. ಶಾಲೇಲಿ ಮೂರು ಗಂಟೆಗೊಂದು ಸಲ ಕೈಯಲ್ಲೇ ಹಿಂಡಿ ತೆಗೀರಿ." ಒಂದು ವರ್ಷ ತುಂಬುವವರೆಗೆ ಕುಡಿಯಲು ಹಸುವಿನ ಹಾಲು ಬೇಡ ಎಂದೂ ಸೇರಿಸಿದರು. ಎರಡು ಹಸುವಿನ ಒಡತಿಗೆ ಅಷ್ಟು ಸಾಕಾಯಿತು. ಬಸ್ಸಿನಲ್ಲಿ ಮನೆಯವರೆಗೂ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. "ನಾವೆಲ್ಲ ಬದುಕ್ನಿಲ್ವಾ?" ಎಂದು ಒಮ್ಮೆ ಮಾತ್ರ ಅಂದರು. ಅಮಾವಾಸ್ಯೆಯ ಗಡುವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗಂಡನಿಗೆ ಹೇಳಿದರೆ, "ಅಮ್ಮ ಹೇಳೋದ್ರಲ್ಲೂ ಒಂದು ಪಾಯಿಂಟ್ ಇದೆ" ಎಂದರು. ಯಾವ ಪಾಯಿಂಟು ಎಂದು ಕೇಳಿದೆ. ಅದು ಅವರಿಗೂ ಗೊತ್ತಿರಲಿಲ್ಲ.

ಶಾಲೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಕ್ರೀಡಾ ಸಾಮಗ್ರಿಯ ಕೋಣೆ ಒಂದೇ. ಹೆಡ್ಮಾಸ್ಟರ ಹತ್ತಿರ ಬೀಗದ ಕೈ ಕೇಳಲು ಹೋದೆ. "ನಿಮಗ್ಯಾಕೆ ಮೇಡಂ ಸ್ಪೋರ್ಟ್ಸ್ ರೂಮು?" ಎಂದರು. ಸುತ್ತಿ ಬಳಸಿ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. "ಹಾಲು ಹಿಂಡ್ಕೋಬೇಕು ಸಾರ್, ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ" ಎಂದೆ. ಅವರು ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು. ಓದುತ್ತಲೇ ಡ್ರಾಯರು ಎಳೆದು, ಕೈ ಮಾತ್ರ ಚಾಚಿ ಬೀಗದ ಕೈ ಕೊಟ್ಟರು.

ಬೀಗದ ಕೈ ಬಂತು, ಒಳಗಡೆ ಚಿಲಕ ಇರಲಿಲ್ಲ. ಎರಡು ಜಾವೆಲಿನ್‌ಗಳನ್ನು ಬಾಗಿಲಿಗೆ ಆನಿಸಿ ನಿಲ್ಲಿಸಿ, ಕಬಡ್ಡಿ ಚಾಪೆಗಳ ಮೇಲೆ ಕೂತು, ಮನೆಯಿಂದ ಕುದಿಸಿ ತಂದ ಸ್ಟೀಲ್ ಲೋಟಕ್ಕೆ ಹಿಂಡಿದೆ. ಮೊದಲ ದಿನ ಲೋಟದ ತಳವೂ ಮುಚ್ಚಲಿಲ್ಲ. ನಾಲ್ಕು ಹನಿ ಇರಬಹುದು. ಹೊರಗೆ ಎಂಟನೇ ತರಗತಿಯವರು ಖೋಖೋ ಆಡುತ್ತ ಗಂಟಲು ಹರಿದುಕೊಳ್ಳುತ್ತಿದ್ದರು. ನಾನು ಆ ನಾಲ್ಕು ಹನಿ ನೋಡುತ್ತ ಅತ್ತೆ ಹೇಳಿದ್ದೇ ನಿಜವೇನೋ ಎಂದುಕೊಂಡು ಅತ್ತುಬಿಟ್ಟೆ, ಅಳುತ್ತಲೇ ಇನ್ನೊಂದು ಕಡೆ ಹಿಂಡಿದೆ. ಬೆಲ್ಲು ಹೊಡೆಯಿತು. ಮುಖ ತೊಳೆದು ಹೋಗಿ ಓಮನ ನಿಯಮ ಪಾಠ ಮಾಡಿದೆ.

ಎರಡನೆಯ ದಿನವೂ ಅಷ್ಟೇ. ಐದನೆಯ ದಿನ ತಳ ಮುಚ್ಚಿತು. ಸಂಜೆ ಬಂದ ತಕ್ಷಣ ಕುಡಿಸಿದೆ, ಊಟಕ್ಕೆ ಮೊದಲು ಕುಡಿಸಿದೆ, ಮಲಗುವಾಗ ಕುಡಿಸಿದೆ, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ, ಬಸ್ಸಿಗೆ ಹೊರಡುವಾಗ ಚಪ್ಪಲಿ ಹಾಕಿಕೊಂಡೇ ಇನ್ನೊಮ್ಮೆ. ಎರಡು ಭಾನುವಾರ ಸೆರಗು ಕೆಳಗಿಳಿಸಲೇ ಇಲ್ಲ ಎನ್ನಬೇಕು. "ಇದೇನ್ ಮೂರೊತ್ತೂ ತಗಲಾಕಂಡು ಕೂತವ್ಳೆ" ಎಂದು ಅತ್ತೆ ಕಸ ಗುಡಿಸುವಾಗಲೆಲ್ಲ ಗೊಣಗಿದರು. ಅವರು ಒಳಲೆ ತಂದರೆ ನಾನು ಕಿತ್ತಿಡುವೆ. ನಾನು ಎದೆಗೆ ಹಾಕಿಕೊಂಡರೆ ಅವರು ಪಾತ್ರೆ ಕುಕ್ಕುವರು. ಮೂರು ವಾರ ಆ ಮನೆಯಲ್ಲಿ ಸಮಾಧಾನವಾಗಿ ಇದ್ದವರು ಕೊಟ್ಟಿಗೆಯಲ್ಲಿದ್ದ ಎರಡು ಜೀವ ಮಾತ್ರ.

ಎರಡು ವಾರ ಕಳೆದ ಮೇಲೆ ಒಂದು ದಿನ ಹನ್ನೊಂದು ಗಂಟೆಗೆ, ವಿದ್ಯುತ್ ಮಂಡಲದ ಚಿತ್ರ ಬರೆಯುತ್ತಿದ್ದಾಗ, ಎದೆ ಜುಮ್ಮೆಂದಿತು. ಸೀಮೆಸುಣ್ಣ ಅಲ್ಲೇ ಬಿಟ್ಟು ಓಡಿದೆ. ಆವತ್ತು ಲೋಟ ಅರ್ಧವಾಯಿತು. ಮದ್ದೂರಿನ ತಂಪು ಪಾನೀಯದ ಅಂಗಡಿಯಿಂದ ಐಸು ಹಾಕಿಸಿಕೊಂಡು, ಹಾಲಿನ ಡಬ್ಬಿಯನ್ನು ಅಗಲ ಬಾಯಿಯ ಫ್ಲಾಸ್ಕಿನಲ್ಲಿಟ್ಟು ಮನೆಗೆ ತರತೊಡಗಿದೆ. ಬಸ್ಸಿನಲ್ಲಿ ಕೂರಲು ಜಾಗ ಸಿಗದಿದ್ದರೂ ಫ್ಲಾಸ್ಕನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು, ಮಾರನೆಯ ಮಧ್ಯಾಹ್ನಕ್ಕೆ ಮಗಳಿಗೆ ಅದನ್ನೇ ಕೊಡಬೇಕೆಂದು ಅತ್ತೆಗೆ ಹೇಳಿದೆ. ಸಂಜೆ ಬಂದು ನೋಡಿದರೆ ಡಬ್ಬಿ ಖಾಲಿಯಾಗಿ ತೊಳೆದು ಬೋರಲು ಬಿದ್ದಿರುತ್ತಿತ್ತು. ಕುಡಿಸಿದರೋ ಚೆಲ್ಲಿದರೋ ಕೇಳುವ ಧೈರ್ಯ ನನಗಿರಲಿಲ್ಲ.

ಅಮಾವಾಸ್ಯೆಯ ದಿನ ಬಂತು. ಆವತ್ತು ಶಾಲೆಯಿಂದ ಹೊರಟಾಗಿನಿಂದ ಜಗಳಕ್ಕೆ ಮಾತು ಜೋಡಿಸುತ್ತಿದ್ದೆ. ಬೇವು ಅರೆದಿಟ್ಟಿದ್ದರೆ ಹೀಗೆ ಅನ್ನಬೇಕು, ಮಗನ ಕಡೆಯಿಂದ ಹೇಳಿಸಿದರೆ ಹಾಗೆ ಅನ್ನಬೇಕು, ನೀವು ಮೂರು ತಿಂಗಳು ನನ್ನನ್ನು ಬತ್ತಿಸಿದಿರಿ ಎಂದು ನಾಲ್ಕು ಜನ ಕೇಳುವ ಹಾಗೆ ಹೇಳಿಯೇಬಿಡಬೇಕು. ಮಳವಳ್ಳಿಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಭಾಷಣ ಬಾಯಿಪಾಠವಾಗಿತ್ತು.

ಮನೆಗೆ ಬಂದವಳು ಮೊದಲು ಒರಳಿನ ಹತ್ತಿರ ಹೋಗಿ ಮೂಸಿ ನೋಡಿದೆ. ಬೇವಿನ ವಾಸನೆ ಇರಲಿಲ್ಲ. ನಡುಮನೆಯ ಕಂಬಕ್ಕೆ ಒರಗಿ ಕೂತು ಮಗಳನ್ನು ಎತ್ತಿಕೊಂಡೆ. ಅವಳು ನಾಲ್ಕು ಗುಟುಕು ಎಳೆಯುವಷ್ಟರಲ್ಲಿ ಹಾಲು ಇಳಿಯಿತು. ಗುಳುಕ್ ಗುಳುಕ್ ಎಂದು ಅವಳು ನುಂಗುವ ಸದ್ದು ಆ ಕೋಣೆಗೆಲ್ಲ ಕೇಳುತ್ತಿತ್ತು. ಉಸಿರಿಗಾಗಿ ಅವಳು ಬಾಯಿ ಬಿಟ್ಟಾಗ ಒಂದು ಎಳೆ ಹಾಲು ಹಾರಿ ಅವಳ ಕೆನ್ನೆಗೆ ಬಿತ್ತು. ಇನ್ನೊಂದು ಕಡೆ ಕುಪ್ಪಸ ಒದ್ದೆಯಾಗಿ ಸೀರೆಗೂ ಇಳಿದಿತ್ತು.

ಅತ್ತೆ ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಅಮಾವಾಸ್ಯೆಯ ಮಾತು ಈಗ ಬರುತ್ತದೆ ಎಂದು ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ.

"ನಿಮ್ ಅತ್ಗೆ ಉಟ್ದಾಗ," ಎಂದರು. ಅತ್ತಿಗೆ ಎಂದರೆ ಅವರ ಮೊದಲ ಮಗಳು, ನನ್ನ ಗಂಡನ ಅಕ್ಕ. "ನಾಟಿ ಕಾಲ. ಬೆಳ್ಗೆ ಗದ್ದೆಗ್ ಇಳುದ್ರೆ ಒತ್ತು ಮುಳುಗ್ದ್ ಮ್ಯಾಕೇ ಮನೆ. ಬದಿನ್ ಮ್ಯಾಗ್ ಮೊಗ ಅಳ್ತಿದ್ರೂ ನಮ್ಮತ್ತೆ ಬುಡ್ತಿರ್ನಿಲ್ಲ. ಸೇರ್ಲಿ, ಸೇರ್ಲಿ ಅನ್ನೋಳು. ಎದೆ ಸಿಡೀತಿತ್ತು ಕಣವ್ವ. ಮೂರ್ ತಿಂಗ್ಳಿಗೆ ಒಂದ್ ಅನಿ ಇಲ್ಲ. ಇವ್ಳ್ ಆಲು ಸರೀಗಿಲ್ಲ, ಮೊಗೀಗ್ ಆಗ್ಬರಾಕಿಲ್ಲ ಅಂತ ಊರೆಲ್ಲ ಅಂದ್ರು. ಮೇಕೆ ಆಲಾಕಿ ಸಾಕ್ದೋ. ಇನ್ನೊಂದ್ ಉಟ್ದಾಗ ನಾನೇ ಕುಡಿಸ್ನಿಲ್ಲ. ಕೆಟ್ಟಾಲು ಯಾಕೆ ಕೊಡಾದು ಅಂತ."

ಇನ್ನೊಂದು ಎಂದರೆ ನನ್ನ ಗಂಡ. ಮಗಳು ಕುಡಿಯುತ್ತಲೇ ಇದ್ದಳು. ಅತ್ತೆ ಅವಳ ಗಂಟಲು ಏಳುವುದನ್ನೂ ಇಳಿಯುವುದನ್ನೂ ನೋಡುತ್ತ, ಡಾಕ್ಟರನ್ನು ಕೇಳುವ ಹಾಗೆ ನನ್ನನ್ನು ಕೇಳಿದರು:

"ಅಂಗಾರೆ, ನನ್ನಾಲು ಸರೀಗೇ ಇತ್ತಾ?"

ಮದ್ದೂರಿನಿಂದ ಹೊತ್ತು ತಂದಿದ್ದ ಭಾಷಣದಲ್ಲಿ ಇದಕ್ಕೆ ಹೊಂದುವ ಒಂದು ಮಾತೂ ಇರಲಿಲ್ಲ. "ಸರಿಯಾಗೇ ಇತ್ತು ಅತ್ತೆ" ಎಂದೆ.

ಅವರು ಮಂಡಿಗೆ ಕೈಯೂರಿ ಎದ್ದರು. "ಈಗ್ ಬಂದು ಸರೀಗಿತ್ತು ಅಂತಾಳೆ ನೋಡು, ನಲವತ್ ವರ್ಸ ಆದ್ ಮ್ಯಾಕೆ" ಎಂದು ನನ್ನ ಮೇಲೆಯೇ ರೇಗಿ, ಬಕೆಟ್ಟು ಎತ್ತಿಕೊಂಡು ಕೊಟ್ಟಿಗೆಗೆ ಹೋದರು. ಆವತ್ತು ಒಂದು ಹಸು ಕರೆದು ಬರಲು ಅವರಿಗೆ ಬಹಳ ಹೊತ್ತು ಹಿಡಿಯಿತು.